ಅಕಾಡೆಮಿಯ ಹುಡುಗ ಅಂದರೆ ಯಾರು?

ಮ್ಯಾಚ್ ಮುಗಿದ ಮೇಲೆ ಕಂಠೀರವದ ಗೇಟಿನ ಹೊರಗೆ ಟೀ ಕುಡಿಯುತ್ತ ನಿಂತರೆ ಒಂದು ಜಗಳ ಗ್ಯಾರಂಟಿ. ಗೆದ್ದಿದ್ದರೂ ಅಷ್ಟೇ, ಸೋತಿದ್ದರೂ ಅಷ್ಟೇ. ಬೆಂಗಳೂರು ಎಫ್‌ಸಿಯ ಯೂತ್ ಅಕಾಡೆಮಿಯಿಂದ ಬಂದವರಲ್ಲಿ ಬೆಸ್ಟ್ ಯಾರು? ನಮ್ಮ ಗುಂಪಿನಲ್ಲಿ ನಾಲ್ಕು ಜನ. ಒಬ್ಬ ಸುರೇಶ್ ಅಂತಾನೆ, ಇನ್ನೊಬ್ಬ ಶಿವಶಕ್ತಿ ಅಂತಾನೆ, ಮೂರನೆಯವಳು ರೋಷನ್ ಹೆಸರು ಬಿಟ್ಟು ಬೇರೇನೂ ಕೇಳೋದಕ್ಕೆ ತಯಾರಿಲ್ಲ. ನಾನು ಎದುರಿಗೆ ಎಲ್ಲರಿಗೂ ತಲೆಯಾಡಿಸಿ, ಮೆಟ್ರೋ ಹತ್ತಿದ ಮೇಲೆ ಗ್ರೂಪಿನಲ್ಲಿ ಉದ್ದುದ್ದ ಮೆಸೇಜ್ ಹಾಕುವ ಜಾತಿ.

ಈ ಸಂಕ್ರಾಂತಿಗೆ ತುಬಚಿಗೆ ಹೋದಾಗಲೂ ಅದೇ ಚಟ. ಹೊರಗೆ ಕಬ್ಬಿನ ಟ್ರಾಕ್ಟರುಗಳು ಹಾಡು ಹಾಕಿಕೊಂಡು ಕಾರ್ಖಾನೆ ಕಡೆ ಹೊರಟಿದ್ದವು. ನಾನು ಕಟ್ಟೆ ಮೇಲೆ ಕೂತು ‘ಟಾಪ್ ಐದು’ ಪಟ್ಟಿ ಟೈಪ್ ಮಾಡ್ತಿದ್ದೆ. ಅಕ್ಕನ ಮಗ, ಹದಿಮೂರು ವರ್ಷದವನು, ಹೆಗಲ ಮೇಲಿಂದ ಬಗ್ಗಿ ಓದಿದ. ಓದಿ ಒಂದೇ ಮಾತು ಕೇಳಿದ.

“ಮಾಮಾ, ಇದರಾಗ ನಮ್ ಕಡ್ಯಾವ್ರು ಯಾರ್ ಅದಾರ?”

ಪಟ್ಟಿ ಅಲ್ಲಿಗೇ ನಿಂತಿತು. ಯಾಕಂದ್ರೆ ಉತ್ತರ ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಅವನ ಪ್ರಶ್ನೆಗೆ ಬರೋದಕ್ಕೆ ಮೊದಲು ನಮ್ಮ ಜಗಳವನ್ನೇ ಒಂದು ಸಲ ನೆಟ್ಟಗೆ ಆಡಿ ಮುಗಿಸಬೇಕು. ಇಷ್ಟು ವರ್ಷ ಅದನ್ನ ನಾವು ಸರಿಯಾಗಿ ಆಡೇ ಇಲ್ಲ ಅನ್ನೋದು ನನ್ನ ಅನುಮಾನ.

ಮೊದಲನೇ ತಕರಾರು ಸುರೇಶ್ ಸಿಂಗ್ ವಾಂಗ್ಜಮ್ ಬಗ್ಗೆ. ಚಿಕ್ಕ ವಯಸ್ಸು, ನೀಲಿ ಜೆರ್ಸಿ, ತೊಂಬತ್ತು ನಿಮಿಷ ನಿಲ್ಲದ ಓಟ. ನೋಡಿದವರಿಗೆಲ್ಲ ಇವನು ನಮ್ಮ ಮನೆಯಲ್ಲೇ ಬೆಳೆದವನು ಅನ್ನಿಸೋದು ಸಹಜ. ಆದರೆ ಸುರೇಶ್ 2017ರಲ್ಲಿ ನಮ್ಮ ದೇಶದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಆಡಿದ ಹುಡುಗ. ಆಮೇಲೆ ಇಂಡಿಯನ್ ಆ್ಯರೋಸ್ ತಂಡದಲ್ಲಿ ಐ-ಲೀಗ್ ಆಡಿ, 2019ರಲ್ಲಿ ಬಿಎಫ್‌ಸಿಗೆ ಬಂದ. ಬಂದಿದ್ದು ನೇರ ಸೀನಿಯರ್ ಡ್ರೆಸ್ಸಿಂಗ್ ರೂಮಿಗೆ. 2021ರ ಸ್ಯಾಫ್ ಫೈನಲ್‌ನಲ್ಲಿ ನೇಪಾಳದ ವಿರುದ್ಧ ಗೋಲು ಹೊಡೆದಾಗ ನಾವೆಲ್ಲ ‘ನಮ್ಮ ಹುಡುಗ’ ಅಂತ ಕುಣಿದೆವು. ತಪ್ಪಿಲ್ಲ. ಆದರೆ ಅಕಾಡೆಮಿಯ ಹುಡುಗನಾ?

ಇಲ್ಲಿ ನನ್ನ ಗೆಳೆಯ ಯುರೋಪಿನ ರೂಲ್ ಬುಕ್ ತೆಗೀತಾನೆ. ಯುಇಎಫ್ಎ ನಿಯಮ ಹೀಗಿದೆ: 15ರಿಂದ 21 ವರ್ಷದ ನಡುವೆ ಮೂರು ಪೂರ್ತಿ ಸೀಸನ್ ಅಥವಾ 36 ತಿಂಗಳು ಒಂದು ಕ್ಲಬ್ಬಿನಲ್ಲಿ ನೋಂದಾಯಿಸಿಕೊಂಡಿದ್ದರೆ ಅವನು ಆ ಕ್ಲಬ್ ತಯಾರು ಮಾಡಿದ ಆಟಗಾರ. ಎಲ್ಲಿ ಹುಟ್ಟಿದ, ಯಾವ ಪಾಸ್‌ಪೋರ್ಟು ಅನ್ನೋದು ಬೇಡ. ಸುರೇಶ್ ಹುಟ್ಟಿದ್ದು ಆಗಸ್ಟ್ 2000ದಲ್ಲಿ. 2019-20, 2020-21, 2021-22. ಬೆರಳು ಮಡಚಿ ಲೆಕ್ಕ ಹಾಕಿದರೆ ಅವನು ಪಾಸ್!

ಈ ಲೆಕ್ಕ ನೋಡಿ ನಾನು ಒಂದು ವಾರ ಸುಮ್ಮನಿದ್ದೆ. ಆಮೇಲೆ ಹೊಳೀತು. ಇದೇ ನಿಯಮದ ತರಹದ ಲೆಕ್ಕದಲ್ಲೇ ಸೆಸ್ಕ್ ಫ್ಯಾಬ್ರೆಗಾಸ್ ಇಂಗ್ಲೆಂಡಿನಲ್ಲಿ ‘ಹೋಮ್‌ಗ್ರೋನ್’ ಆದವನು. ಬಾರ್ಸಿಲೋನಾದ ಲಾ ಮಾಸಿಯಾದಲ್ಲಿ ಬೆಳೆದು, 16ನೇ ವಯಸ್ಸಿಗೆ ಆರ್ಸೆನಲ್‌ಗೆ ಹೋದ ಹುಡುಗ. ಅವನ ಪಾಸು ನೋಡಿದ ಯಾರಾದರೂ ಅದು ಲಂಡನ್ನಿನ ಪಾಸು ಅಂತ ಹೇಳ್ತಾರಾ? ನಿಯಮ ಅಳೆಯೋದು ಸಮಯವನ್ನ. ಯಾರು ಏನು ಕಲಿಸಿದರು ಅನ್ನೋದು ಅದರ ಅಳತೆಗೆ ಸಿಗಲ್ಲ.

ಹಾಗಂತ ಹುಟ್ಟೂರು ಹಿಡಿದು ಕೂರೋದೂ ದಡ್ಡತನ. ಮೆಸ್ಸಿ ಹುಟ್ಟಿದ್ದು ಅರ್ಜೆಂಟೀನಾದ ರೊಸಾರಿಯೋದಲ್ಲಿ. ಬಾರ್ಸಿಲೋನಾಕ್ಕೆ ಬಂದಿದ್ದು 13ನೇ ವಯಸ್ಸಿಗೆ, 2000ದಲ್ಲಿ. ಅವನು ಲಾ ಮಾಸಿಯಾದವನಲ್ಲ ಅಂತ ಯಾರೂ ಅನ್ನಲ್ಲ. ಅಷ್ಟು ದೂರ ಯಾಕೆ, ನಮ್ಮ ಕಡೆಯ ಸಂಗೀತ ನೋಡಿ. ಕಿರಾನಾ ಅನ್ನೋ ಊರು ಇರೋದು ಉತ್ತರ ಪ್ರದೇಶದಲ್ಲಿ. ಆ ಘರಾನಾದ ದೊಡ್ಡ ಹೆಸರುಗಳು ಕುಂದಗೋಳದ ಸವಾಯಿ ಗಂಧರ್ವರು, ಗದಗಿನ ಭೀಮಸೇನ ಜೋಶಿಯವರು. ಅಬ್ದುಲ್ ಕರೀಂ ಖಾನರು ಸವಾಯಿ ಗಂಧರ್ವರಿಗೆ ಕಲಿಸಿದರು, ಸವಾಯಿ ಗಂಧರ್ವರು ಜೋಶಿಯವರಿಗೆ ಕಲಿಸಿದರು. ಘರಾನಾ ಕೇಳುವಾಗ ಯಾರೂ ರೇಷನ್ ಕಾರ್ಡ್ ಕೇಳಲ್ಲ. ಯಾರ ಮುಂದೆ ಕೂತು ಕಲಿತೆ ಅಂತ ಕೇಳ್ತಾರೆ. ಗರಡಿಮನೆಯಲ್ಲೂ ಅಷ್ಟೇ. ಪೈಲ್ವಾನ ಯಾವ ಊರಿನವನಾದರೂ ಆಗಲಿ, ಹೆಸರು ವಸ್ತಾದನದ್ದು, ತಾಲೀಮಿನದ್ದು.

ಹಾಗಾಗಿ ನನ್ನ ಅಳತೆ ಮೂರು ಪ್ರಶ್ನೆ. ಒಂದು, ಹುಡುಗ ಬಂದಾಗ ಕಚ್ಚಾ ಇದ್ದನಾ, ಬಿ ತಂಡದಲ್ಲಿ, ಯೂತ್ ತಂಡದಲ್ಲಿ ಬೆಂದು ಮೇಲೆ ಬಂದನಾ? ಎರಡು, ಅವನು ಬಂದಿದ್ದರಿಂದ ಸೀನಿಯರ್ ತಂಡದ ಆಟ ಬದಲಾಯಿತಾ? ಮೂರು, ಈ ಕ್ಲಬ್ ಇಲ್ಲದೇ ಇದ್ದಿದ್ದರೂ ಅವನು ಇಲ್ಲಿಗೇ ಮುಟ್ಟುತ್ತಿದ್ದನಾ?

ಮೊದಲ ಪ್ರಶ್ನೆಗೇ ಮೂರು ಹೆಸರು ಉದುರುತ್ತವೆ. ಸುರೇಶ್ ಮೇಲೆ ಹೇಳಿದ ಕಾರಣಕ್ಕೆ. ಉದಾಂತ ಸಿಂಗ್, ಯಾಕಂದ್ರೆ ಅವನು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯ ಸರಕು. ನಿಶು ಕುಮಾರ್, ಯಾಕಂದ್ರೆ ಅವನನ್ನ ಬೆಳೆಸಿದ್ದು ಎಐಎಫ್ಎಫ್ ಎಲೀಟ್ ಅಕಾಡೆಮಿ. 2018ರಲ್ಲಿ ಜೋರ್ಡಾನ್ ವಿರುದ್ಧ ಭಾರತಕ್ಕೆ ಮೊದಲ ಪಂದ್ಯದಲ್ಲೇ ಗೋಲು ಹೊಡೆದಾಗ ಅವನು ಬಿಎಫ್‌ಸಿಯವನು ಅನ್ನೋದು ನಿಜ, ಅಷ್ಟೇ. ಈ ಲೆಕ್ಕ ನಮಗೆ ಹೊಸದೇನಲ್ಲ. ಆಸ್ಟಿನ್ ಟೌನಿನ ಕಾರ್ಲ್ಟನ್ ಚಾಪ್‌ಮನ್ ಕೂಡ ಟಾಟಾ ಅಕಾಡೆಮಿಗೆ ಹೋಗಿಯೇ ದೊಡ್ಡವನಾದದ್ದು. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದ, ಮುಂದೆ ಭಾರತದ ಕ್ಯಾಪ್ಟನ್ ಆದ. ಬೆಂಗಳೂರು ಹೆತ್ತಿತು, ಜಮ್‌ಶೆಡ್‌ಪುರ ಬೆಳೆಸಿತು, ಕೋಲ್ಕತ್ತ ಹೊಗಳಿತು. ಬೆಂಗಳೂರಿನಲ್ಲಿ ಆಟಗಾರರಿಗೆ ಯಾವತ್ತೂ ಬರ ಇರಲಿಲ್ಲ, ಬೆಳೆಸುವ ಮನೆಗೆ ಬರ ಇತ್ತು.

ಈಗ ನಿಜವಾದ ಸ್ಪರ್ಧೆಗೆ ಬರೋಣ.

ಶಿವಶಕ್ತಿ ನಾರಾಯಣನ್ ಬಗ್ಗೆ ಮಾತಾಡುವಾಗ ಎಲ್ಲರ ಧ್ವನಿ ಒಂದು ಸುತ್ತು ಮೇಲೇರುತ್ತೆ. ಕಾರಣ ಇದೆ. ತಮಿಳುನಾಡಿನ ಕಾರೈಕುಡಿ ಹತ್ತಿರದ ಹುಡುಗ. ಬಿ ತಂಡದಲ್ಲಿ ರಾಶಿ ರಾಶಿ ಗೋಲು ಹೊಡೆದು ಮೇಲೆ ಬಂದ. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಡ್ಯುರಾಂಡ್ ಕಪ್ ಫೈನಲ್. ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಅವನದು, ನಾವು 2-1ರಿಂದ ಗೆದ್ದೆವು. ಅದೇ ಸೀಸನ್ನಿನ ಐಎಸ್ಎಲ್‌ನಲ್ಲಿ ತಂಡ ಪಾತಾಳ ಕಂಡು, ಆಮೇಲೆ ಲೀಗಿನ ಕೊನೆಯ ಎಂಟು ಪಂದ್ಯ ಸತತವಾಗಿ ಗೆದ್ದಿತು. ಆ ಓಟದಲ್ಲಿ ಮುಂಚೂಣಿಯಲ್ಲಿ ಓಡಿದ್ದು ಶಿವ. ಸುನಿಲ್ ಛೆಟ್ರಿ ಬೆಂಚ್ ಮೇಲೆ ಕೂತು, ಶಿವ ಒಳಗೆ ಆಡಿದ್ದನ್ನ ನಾವು ಕಣ್ಣಾರೆ ನೋಡಿದ್ದೀವಿ. ಆ ವರ್ಷದ ‘ಎಮರ್ಜಿಂಗ್ ಪ್ಲೇಯರ್’ ಪ್ರಶಸ್ತಿಯೂ ಅವನಿಗೇ ಬಂತು.

ಅಂದರೆ ನನ್ನ ಎರಡನೇ ಪ್ರಶ್ನೆಗೆ ಶಿವ ನೂರಕ್ಕೆ ನೂರು. ತೊಡಕು ಮೊದಲನೆಯದರಲ್ಲಿ. ಅವನಿಗೆ ಅಕ್ಷರಾಭ್ಯಾಸ ಮಾಡಿಸಿದ್ದು ಭಾರತದ ಹಳೆಯ ಸ್ಟ್ರೈಕರ್ ರಾಮನ್ ವಿಜಯನ್ ಅವರ ಸಾಕರ್ ಸ್ಕೂಲ್. ಬೆಂಗಳೂರಿಗೆ ಬಂದಾಗ ಅವನಿಗೆ ಗೋಲು ಹೊಡೆಯೋದು ಕಲಿಸಬೇಕಿರಲಿಲ್ಲ. ಇನ್ನೊಂದು ಮಾತು: 2023-24ರಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಕುಸಿದಾಗ ಅವನೂ ಜೊತೆಗೆ ಕುಸಿದ. ಒಂದು ಅದ್ಭುತ ಸೀಸನ್ ನೋಡಿ ಪಟ್ಟ ಕಟ್ಟೋದು ಒಂದೇ ಹಿಂಗಾರು ನೋಡಿ ಬಾವಿ ಮುಚ್ಚಿದ ಹಾಗೆ.

ವಿನಿತ್ ವೆಂಕಟೇಶ್ ಹೆಸರು ಹೊಸದು. 2024ರ ಸೆಪ್ಟೆಂಬರ್ 14, ಕಂಠೀರವ, ಈಸ್ಟ್ ಬೆಂಗಾಲ್ ಎದುರಾಳಿ. 19 ವರ್ಷದ ಹುಡುಗ, ಮೊದಲ ಐಎಸ್ಎಲ್ ಪಂದ್ಯ, 25ನೇ ನಿಮಿಷಕ್ಕೆ ಗೋಲು. ಪಂದ್ಯದ ಏಕೈಕ ಗೋಲು ಅದೇ. ವೆಸ್ಟ್ ಬ್ಲಾಕ್‌ನಲ್ಲಿ ನನ್ನ ಪಕ್ಕ ನಿಂತಿದ್ದ ಒಬ್ಬರು, ಐವತ್ತು ದಾಟಿದವರು, ಸುಮ್ಮನೆ ಕಣ್ಣೊರೆಸಿಕೊಂಡರು. ಯಾಕಂದ್ರೆ ಇವನು ಈ ಊರಿನ ಹುಡುಗ, ಈ ಕ್ಲಬ್ಬಿನ ಅಕಾಡೆಮಿ. 2013ರಲ್ಲಿ ಶುರುವಾದ ಕ್ಲಬ್ಬು ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಯಿತು, 2019ರಲ್ಲಿ ಐಎಸ್ಎಲ್ ಗೆದ್ದಿತು. ಆದರೆ ಇಂಥದೊಂದು ಸಂಜೆಗೆ ಹನ್ನೊಂದು ವರ್ಷ ಕಾಯಬೇಕಾಯಿತು. ಮೊದಲನೇ ಪ್ರಶ್ನೆ, ಮೂರನೇ ಪ್ರಶ್ನೆ ಎರಡಕ್ಕೂ ವಿನಿತ್‌ನಷ್ಟು ಚೊಕ್ಕ ಉತ್ತರ ಬೇರೆ ಯಾರೂ ಅಲ್ಲ. ಆದರೆ ಎರಡನೆಯದಕ್ಕೆ ಇನ್ನೂ ಸಮಯ ಬೇಕು. ಒಂದು ಸಂಜೆಯ ಕಣ್ಣೀರಿಗೆ ಓಟು ಹಾಕೋದು ಅವನಿಗೇ ಭಾರ.

ನನ್ನ ಓಟು ರೋಷನ್ ಸಿಂಗ್ ನವೋರೆಮ್‌ಗೆ. ಅದಕ್ಕೆ ಕಾರಣ ಹೇಳ್ತೀನಿ.

ರೋಷನ್ ಬಂದಿದ್ದು ಮಣಿಪುರದಿಂದ, ಮೇಲೆ ಹತ್ತಿದ್ದು ಬಿ ತಂಡದಿಂದ. ಮುಂದೆ ಆಡುವ ವಿಂಗರ್‌ನನ್ನ ಹಿಂದಕ್ಕೆ ತಂದು ಫುಲ್‌ಬ್ಯಾಕ್ ಮಾಡಿದರು. ಎಡಕ್ಕೆ ಹಾಕಿದರೆ ಎಡಕ್ಕೆ, ಬಲಕ್ಕೆ ಹಾಕಿದರೆ ಬಲಕ್ಕೆ. 2021-22ರಲ್ಲಿ ತಂಡ ಪ್ಲೇಆಫ್‌ಗೂ ಮುಟ್ಟದ ಸೀಸನ್ನಿನಲ್ಲಿ ಕಾರ್ನರ್, ಫ್ರೀಕಿಕ್, ಓಡುತ್ತ ಹಾಕುವ ಕ್ರಾಸ್, ಎಲ್ಲ ಅವನ ಕಾಲಿನಿಂದ. ಆ ವರ್ಷದ ಎಮರ್ಜಿಂಗ್ ಪ್ಲೇಯರ್ ಅವನೇ. 2022ರ ಮಾರ್ಚ್‌ನಲ್ಲಿ ಬಹ್ರೇನ್ ವಿರುದ್ಧ ಭಾರತದ ಜೆರ್ಸಿ ಹಾಕಿದ. ಅಲ್ಲೂ ಅವನ ಕ್ರಾಸ್‌ಗೇ ರಾಹುಲ್ ಭೇಕೆ ತಲೆ ಕೊಟ್ಟು ಗೋಲು ಮಾಡಿದ್ದು.

ಹಾಗಿದ್ದರೆ ಟೀ ಅಂಗಡಿ ಮುಂದೆ ಅವನ ಹೆಸರು ಮೂರನೆಯದಾಗಿ ಬರೋದು ಯಾಕೆ? ಇದಕ್ಕೆ ಉತ್ತರ ಆಟದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಕೋವಿಡ್ ಕಾರಣಕ್ಕೆ 2020-21, 2021-22ರ ಐಎಸ್ಎಲ್ ಪಂದ್ಯಗಳೆಲ್ಲ ಗೋವಾದಲ್ಲಿ ನಡೆದವು, ಹೆಚ್ಚಿನವು ಖಾಲಿ ಸ್ಟೇಡಿಯಂಗಳಲ್ಲಿ. ರೋಷನ್‌ನ ಅತ್ಯುತ್ತಮ ಸೀಸನ್ನನ್ನು ಕಂಠೀರವದಲ್ಲಿ ಒಬ್ಬರೂ ನೋಡಿಲ್ಲ. ನಾವು ನೋಡಿದ್ದು ಲ್ಯಾಪ್‌ಟಾಪಿನಲ್ಲಿ, ಒಂದು ಕಿವಿ ಆಫೀಸ್ ಕಾಲ್‌ಗೆ ಕೊಟ್ಟು. ಶಿವನ ಸೀಸನ್ ನಾವೆಲ್ಲ ವಾಪಸ್ ಬಂದು ಕೂಗಿ ಗಂಟಲು ಹರಿದುಕೊಂಡ ಸೀಸನ್. ನಾವು ‘ಬೆಸ್ಟ್’ ಅನ್ನೋದು ಎಷ್ಟೋ ಸಲ ‘ನಾನು ಅಲ್ಲಿದ್ದೆ’ ಅನ್ನೋದರ ಇನ್ನೊಂದು ಹೆಸರು. ಅದನ್ನ ಕಳೆದು ನೋಡಿ. ಕಚ್ಚಾ ಬಂದ, ಇಲ್ಲಿ ಬದಲಾದ, ತಂಡವನ್ನ ಬದಲಾಯಿಸಿದ, ಒಂದೇ ಸೀಸನ್ನಿಗೆ ಆರಿ ಹೋಗಲಿಲ್ಲ. ಮೂರೂ ಪ್ರಶ್ನೆಗೆ ಪಾಸಾಗೋದು ಸದ್ಯಕ್ಕೆ ರೋಷನ್ ಒಬ್ಬನೇ.

ಜಗಳ ಮುಗೀತು. ಈಗ ಅಳಿಯನ ಪ್ರಶ್ನೆ.

ಮಣಿಪುರ, ತಮಿಳುನಾಡು, ಬೆಂಗಳೂರು. ‘ನಮ್ ಕಡ್ಯಾವ್ರು’ ಇಲ್ಲ. ಹುಟ್ಟೂರು ಕೇಳಬಾರದು ಅಂತ ಈಗಷ್ಟೇ ಘರಾನಾ ಕಥೆ ಹೇಳಿದವನು ನಾನೇ. ಹಾಗಾದರೆ ಹುಡುಗನ ಪ್ರಶ್ನೆ ತಪ್ಪಾ? ಅಲ್ಲ ಅನ್ಸುತ್ತೆ. ಹುಟ್ಟೂರಿನ ಪ್ರಶ್ನೆಯನ್ನ ಆಟಗಾರನಿಗೆ ಕೇಳಬಾರದು. ಅಕಾಡೆಮಿಗೆ ಕೇಳಬಹುದು: ನಿನ್ನ ಬಾಗಿಲು ಎಲ್ಲಿದೆ? ಅಲ್ಲಿಗೆ ಯಾರು ಮುಟ್ಟಬಹುದು?

ತಮಾಷೆ ಅಂದ್ರೆ ಬಿಎಫ್‌ಸಿಯ ರೆಸಿಡೆನ್ಷಿಯಲ್ ಅಕಾಡೆಮಿ ಬೇರೂರಿದ್ದು ಬೆಂಗಳೂರಿನಲ್ಲಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಹತ್ತಿರ, ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್‌ನಲ್ಲಿ. ಅಂದರೆ ನಮ್ಮದೇ ಉತ್ತರ ಕರ್ನಾಟಕದಲ್ಲಿ. ಕೆಲಸ ಚೆನ್ನಾಗಿ ಆಗಿದೆ, ಸುಳ್ಳಲ್ಲ. ನೌಷಾದ್ ಮೂಸಾ ಅವರ ಕೈಕೆಳಗೆ ಬಿಎಫ್‌ಸಿ ಹುಡುಗರು 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಗೆದ್ದು, ಇಂಗ್ಲೆಂಡಿಗೆ ಹೋಗಿ ನೆಕ್ಸ್ಟ್ ಜೆನ್ ಕಪ್ ಆಡಿ ಬಂದರು. ಮರುವರ್ಷ ಲೀಗನ್ನ ಮತ್ತೆ ಗೆದ್ದರು. ಮನೆ ಗಟ್ಟಿ ಇದೆ. ನನ್ನ ತಕರಾರು ಮನೆಗೆ ಬರುವ ದಾರಿಯ ಬಗ್ಗೆ.

2017ರ ಆ ವಿಶ್ವಕಪ್ ತಂಡದ 21 ಜನರಲ್ಲಿ ಎಂಟು ಜನ ಮಣಿಪುರದವರು. ಇದನ್ನ ನಮ್ಮ ಗೆಳೆಯರು ‘ಅವರ ರಕ್ತದಲ್ಲೇ ಇದೆ ಗುರು’ ಅಂತ ಮುಗಿಸಿಬಿಡ್ತಾರೆ. ರಕ್ತ ಅಲ್ಲ. ಅಲ್ಲಿ ಓಣಿಗೊಂದು ಕ್ಲಬ್, ಅದಕ್ಕೊಂದು ಟೂರ್ನಮೆಂಟ್, ನೋಡೋದಕ್ಕೆ ಜನ. ಅದೇ ತಂಡದಲ್ಲಿದ್ದ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಆಟ ಕಲಿತದ್ದು ಚಂಡೀಗಢದ ಅಕಾಡೆಮಿಯಲ್ಲಿ. ರಕ್ತ ಬೆಂಗಳೂರಿನದು, ಬಾಗಿಲು ತೆರೆದದ್ದು ಚಂಡೀಗಢ.

ಇದಕ್ಕೆ ಪುರಾವೆ ನಮ್ಮ ಜಿಲ್ಲೆಯಲ್ಲೇ ಇದೆ, ಆದರೆ ಬೇರೆ ಆಟದಲ್ಲಿ. ಬಾಗಲಕೋಟೆ, ವಿಜಯಪುರ ಕಡೆಯ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕ ತರ್ತಾರೆ. ಹೊಲದಲ್ಲಿ ದುಡಿಯೋರ ಮಕ್ಕಳು ಲಕ್ಷಗಟ್ಟಲೆ ಬೆಲೆಯ ಸೈಕಲ್ ಏರಿ ಕೂರುವ ಆಟ ಅದು. ಅದು ಹೆಂಗೆ ಸಾಧ್ಯವಾಯಿತು? ನಮ್ಮ ಕಡೆಯವರ ರಕ್ತದಲ್ಲಿ ಪೆಡಲ್ ಇರಲಿಲ್ಲ. ಸರ್ಕಾರದ ಕ್ರೀಡಾ ಹಾಸ್ಟೆಲ್ ಇತ್ತು, ಕೋಚ್ ಇದ್ದರು, ಮುಂಜಾನೆ ಓಡಿಸೋದಕ್ಕೆ ಉದ್ದಾನುದ್ದ ಖಾಲಿ ರಸ್ತೆ ಇತ್ತು, ಮೊದಲು ಗೆದ್ದ ಅಕ್ಕ ಅಣ್ಣಂದಿರು ಕಣ್ಣ ಮುಂದೆ ಇದ್ದರು. ಫುಟ್‌ಬಾಲಿಗೆ ಅದ್ಯಾವುದೂ ನಮ್ಮಲ್ಲಿ ಇಲ್ಲ.

ಹೋದ ಬೇಸಿಗೆಯಲ್ಲಿ ಇದನ್ನ ನಾನು ಕಣ್ಣಾರೆ ಕಂಡೆ. ಅಳಿಯನನ್ನ ಬೆಂಗಳೂರಿಗೆ ಕರೆಸಿ ಒಂದು ಅಕಾಡೆಮಿಯ ಟ್ರಯಲ್ಸ್‌ಗೆ ಕರ್ಕೊಂಡು ಹೋದೆ. ಯಾವುದು ಅನ್ನೋದು ಬೇಡ, ಅವರದ್ದೇನು ದೊಡ್ಡ ತಪ್ಪೂ ಅಲ್ಲ. ಜಮಖಂಡಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವನು. ಹಸಿರು ಟರ್ಫ್ ಮೇಲೆ ಕಾಲಿಟ್ಟಿದ್ದೇ ಮೊದಲು. ಬೇರೆ ಹುಡುಗರೆಲ್ಲ ಸ್ಟಡ್ಸ್ ಹಾಕಿದ್ದರು, ಇವನದು ಶಾಲೆಯ ಕ್ಯಾನ್ವಾಸ್ ಬೂಟು. ಇಪ್ಪತ್ತು ನಿಮಿಷದ ಒಂದು ಪಂದ್ಯ ಆಡಿಸಿದರು. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ, ಯಾರೂ ಯಾರಿಗೂ ಪಾಸ್ ಕೊಡಲ್ಲ. ಇವನಿಗೆ ಚೆಂಡು ಸಿಕ್ಕಿದ್ದು ಐದು ಸಲ, ಎರಡು ಸಲ ಜಾರಿ ಬಿದ್ದ. ಕೊನೆಗೆ ನಂಬರ್ ಕರೆದರು, ಇವನ ನಂಬರ್ ಇರಲಿಲ್ಲ. ಏನು ಕಮ್ಮಿ ಆಯಿತು, ಏನು ಕಲಿಯಬೇಕು, ಮುಂದಿನ ಸಲ ಬರಬಹುದಾ? ಒಂದು ಮಾತಿಲ್ಲ. ಆರು ವರ್ಷದಿಂದ ವೀಕೆಂಡ್ ಕೋಚಿಂಗ್‌ಗೆ ಫೀಸ್ ಕಟ್ಟಿ ಬೆಳೆದ ಮಕ್ಕಳ ಜೊತೆ ಇವನನ್ನ ಇಪ್ಪತ್ತು ನಿಮಿಷ ತೂಗಿದ್ದು. ನಾನೂ ತಪ್ಪಿತಸ್ಥನೇ. ಬೂಟಿನ ಬಗ್ಗೆ ಯೋಚಿಸಬೇಕಾದವನು ನಾನು. ಲಾ ಮಾಸಿಯಾ ಬಗ್ಗೆ ಎರಡು ಸಾವಿರ ಪದ ಬರೆಯಬಲ್ಲೆ, ಹುಡುಗನ ಕಾಲಿನ ಅಳತೆ ಕೇಳಿರಲಿಲ್ಲ.

ವಾಪಸ್ ಹೋದ ಮೇಲೆ ಅಕ್ಕ ಫೋನ್ ಮಾಡಿದಳು. “ತಮ್ಮಾ, ಅಂವಗ ಇದೆಲ್ಲಾ ಹುಚ್ಚ ಹಿಡಿಸಬ್ಯಾಡ. ಹತ್ತನೇತ್ತ ಪಾಸಾಗಲಿ ಮೊದಲ.” ಅವಳ ಮಾತಿಗೆ ಉತ್ತರ ನನ್ನಲ್ಲಿ ಇರಲಿಲ್ಲ. ಈಗಲೂ ಇಲ್ಲ. ಯಾಕಂದ್ರೆ ಬೆಸ್ಟ್ ಯಾರು ಅನ್ನೋ ಪಟ್ಟಿಯಲ್ಲಿ ಐದು ಹೆಸರಿದ್ದರೆ, ಅದೇ ಹಾಸ್ಟೆಲ್ಲಿನಲ್ಲಿ ಅವರ ಪಕ್ಕದ ಮಂಚದಲ್ಲಿ ಮಲಗಿದ್ದ ಎಷ್ಟೋ ಹುಡುಗರ ಹೆಸರು ಯಾವ ಟೀ ಅಂಗಡಿಯಲ್ಲೂ ಬರಲ್ಲ. ಒಂದು ಅಕಾಡೆಮಿ ಒಳ್ಳೆಯದಾ ಅಂತ ತಿಳಿಯೋದಕ್ಕೆ ರೋಷನ್‌ನನ್ನ ನೋಡಿದರೆ ಸಾಲದು. ಸೀನಿಯರ್ ತಂಡಕ್ಕೆ ಬರದೇ ಹೋದವರು ಪಿಯುಸಿ ಮುಗಿಸಿದರಾ, ಕೋಚಿಂಗ್ ಲೈಸೆನ್ಸ್ ತಗೊಂಡರಾ, ಅವರ ಊರಿನಲ್ಲಿ ಈಗ ಯಾರಾದರೂ ಚೆಂಡು ಒದೀತಿದಾರಾ ಅಂತಾನೂ ನೋಡಬೇಕು. ಆ ಲೆಕ್ಕವನ್ನ ಅಭಿಮಾನಿಗಳಾದ ನಾವು ಯಾವತ್ತೂ ಕೇಳಿಲ್ಲ. ಕೇಳಿದರೆ ಕ್ಲಬ್ಬುಗಳು ಕೊಡಬೇಕಾಗುತ್ತೆ.

ಕೇಳೋದಕ್ಕೆ ಇದು ಸರಿಯಾದ ಸಮಯ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ, ಹಿಂದಿನ ಸಲ ಗೆದ್ದು 54 ವರ್ಷ ಆಗಿತ್ತು. ಆಗ ನಾವಿನ್ನೂ ಮೈಸೂರು ರಾಜ್ಯ. ಇಷ್ಟು ವರ್ಷ ಬೇಕಾಗಿದ್ದು ಪ್ರತಿಭೆ ಇಲ್ಲದೇ ಅಲ್ಲ. ರಾಜ್ಯದ ಫುಟ್‌ಬಾಲ್ ಅಂದರೆ ಬಹುಮಟ್ಟಿಗೆ ಬೆಂಗಳೂರಿನ ನಾಲ್ಕಾರು ಬಡಾವಣೆಗಳ ಫುಟ್‌ಬಾಲ್ ಅಂತಲೇ ನಡೆದುಬಂತು.

ನಮ್ಮೂರಿನ ಹೆಸರು ಕೇಳಿದ್ದರೆ ನೀವು ಕೇಳಿರೋದು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ. ಕೃಷ್ಣೆಯ ನೀರನ್ನ ಇಲ್ಲಿಂದ ಎತ್ತಿ ವಿಜಯಪುರ ಜಿಲ್ಲೆಯ ಒಣಭೂಮಿಗೆ ಒಯ್ಯುತ್ತೆ. ಆ ಯೋಜನೆ ಮಾಡಿದವರಿಗೆ ಗೊತ್ತಿತ್ತು: ಪಂಪ್‌ಹೌಸ್ ಕಟ್ಟಿದರೆ ಅರ್ಧ ಕೆಲಸ, ಕಾಲುವೆ ಹೊಲಕ್ಕೆ ಮುಟ್ಟಿದರೆ ಪೂರ್ತಿ ಕೆಲಸ. ನಮ್ಮ ಅಕಾಡೆಮಿಗಳು ಒಳ್ಳೊಳ್ಳೆ ಪಂಪ್‌ಹೌಸ್ ಕಟ್ಟಿವೆ. ಜಿಲ್ಲೆಗೊಂದು ಲೀಗ್, ವರ್ಷಕ್ಕೆ ಎರಡು ಸಲ ಜಮಖಂಡಿಗೋ ಮುಧೋಳಕ್ಕೋ ಬಂದು ಮೂರು ದಿನ ಉಳಿದು ನೋಡುವ ಒಬ್ಬ ಸ್ಕೌಟ್, ಆಯ್ಕೆಯಾಗದ ಹುಡುಗನಿಗೆ ಒಂದು ಪುಟದ ಉತ್ತರ. ಇಷ್ಟಾದರೆ ಸಾಕು, ಕಾಲುವೆ ತೋಡೋದು ಶುರುವಾದ ಹಾಗೆ.

ಅವತ್ತು ಕಟ್ಟೆ ಮೇಲೆ ಅಳಿಯನಿಗೆ ಇಷ್ಟೆಲ್ಲ ಹೇಳಲಿಲ್ಲ. “ನಮ್ ಕಡ್ಯಾವ್ರು ಇನ್ನೂ ಯಾರೂ ಇಲ್ಲಪಾ” ಅಂದೆ. ಅವನು ಪಟ್ಟಿಯ ಮೊದಲ ಹೆಸರ ಮೇಲೆ ಬೆರಳಿಟ್ಟ.

“ಈ ರೋಷನ್ ಹೆಸರ ಮಾಡಿದಾಗ ಎಷ್ಟ ವಯಸ್ಸ ಮಾಮಾ?”

“ಇಪ್ಪತ್ತೆರಡು.”

ಅವನು ಬೆರಳು ಮಡಚಿ ಏನೋ ಎಣಿಸಿದ. “ಹಂಗಾರ ನನಗ ಇನ್ನ ಒಂಬತ್ತ ವರ್ಷ ಐತಿ” ಅಂದವನೇ ಚೆಂಡು ಎತ್ತಿಕೊಂಡು ಕಬ್ಬು ಕಡಿದ ಹೊಲದ ಕಡೆ ಓಡಿದ. ಆ ಲೆಕ್ಕ ಅಷ್ಟು ಸರಳ ಅಲ್ಲ ಅಂತ ನನಗೆ ಗೊತ್ತು. ಹತ್ತನೇತ್ತ ಮೊದಲು ಪಾಸಾಗಬೇಕು ಅಂತಾನೂ ಗೊತ್ತು. ಆದರೂ ಈ ಸಲ ಬೆಂಗಳೂರಿಗೆ ಬಸ್ ಹತ್ತೋ ಮೊದಲು ಅವನ ಕಾಲಿನ ಅಳತೆ ಬರ್ಕೊಂಡು ಬಂದಿದ್ದೀನಿ.